ದೇವರ ಮೇಲೆ ಸಿಟ್ಟಾದ ಹೆಂಗಸರ ಪುಸ್ತಕ ಯಾವುದಾದರೂ ಇದೆಯೇ?

ಬ್ಯಾಡಗಿಯವಳು:

ಎಲ್ಲರಿಗೂ ನಮಸ್ಕಾರ. ನನಗೊಂದು ಪುಸ್ತಕ ಬೇಕಾಗಿದೆ. ಓದುವವಳು ನಾನು, ಕೇಳುವವಳು ನಮ್ಮ ಅವ್ವ.

ಅವ್ವನಿಗೆ 68 ವರ್ಷ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು ಎರಡು ವರ್ಷವಾಯಿತು. ಈಗ ಪತ್ರಿಕೆಯ ದೊಡ್ಡ ತಲೆಬರಹ ಬಿಟ್ಟರೆ ಉಳಿದ ಅಕ್ಷರಗಳೆಲ್ಲ ಅವಳಿಗೆ ಇರುವೆ ಸಾಲು. ಕಳೆದ ಆಷಾಢದಲ್ಲಿ ಅಪ್ಪ ಹೋದರು. ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ನಲವತ್ತು ವರ್ಷ ಲೆಕ್ಕ ಬರೆದವರು ಅವರು. ಸಂಜೆ ಮನೆಗೆ ಬಂದರೆ ಅಂಗಿಯಿಂದ ಘಾಟು ಏಳುತ್ತಿತ್ತು, ಬಾಗಿಲು ತೆರೆದವರಿಗೆ ಸೀನು ಬರುತ್ತಿತ್ತು. ಆ ಅಂಗಿಗಳಲ್ಲಿ ಒಂದನ್ನು ಅವ್ವ ಇನ್ನೂ ಒಗೆಯಲು ಕೊಟ್ಟಿಲ್ಲ.

ಮಾತನಾಡಿಸಲು ಬಂದವರು ಬಾಳೆಹಣ್ಣಿನ ಜೊತೆ ಪುಸ್ತಕಗಳನ್ನೂ ತಂದರು. ಒಂದು ಪತಿವ್ರತೆಯರ ಕಥೆಗಳದ್ದು. ಇನ್ನೊಂದು, ಬಂದ ದುಃಖವೆಲ್ಲ ಹಿಂದಿನ ಕರ್ಮದ ಫಲ, ತುಟಿ ಬಿಚ್ಚದೆ ಉಣ್ಣಬೇಕು ಎನ್ನುವಂಥದ್ದು. ಮೂರನೆಯದು, ದಿನಾ ಬೆಳಗ್ಗೆ ಕನ್ನಡಿಯ ಮುಂದೆ ನಿಂತು ಒಳ್ಳೆಯ ಮಾತು ಹೇಳಿಕೊಂಡರೆ ಎಲ್ಲ ಸರಿಹೋಗುತ್ತದೆ ಎನ್ನುವುದು. ಕಣ್ಣು ಕಾಣದವಳಿಗೆ ಕನ್ನಡಿಯ ಪುಸ್ತಕ ಕೊಟ್ಟವರ ಮೇಲೆ ನನಗೆ ಕೋಪವಿಲ್ಲ, ಪ್ರೀತಿಯಿಂದಲೇ ಕೊಟ್ಟರು. ಆದರೆ ಮೂರನ್ನೂ ಅವ್ವನೇ ನಿಲ್ಲಿಸಿದಳು. ಸಾವಿತ್ರಿಯ ಕಥೆ ಓದುತ್ತಿದ್ದಾಗ, ಸತ್ಯವಾನ ಎದ್ದು ಕುಳಿತ ಕೂಡಲೇ "ಸಾಕು ಮುಚ್ಚು. ಅವಳ ಗಂಡ ಎದ್ದು ಬಂದ" ಎಂದಳು.

ಶ್ರಾವಣದಲ್ಲಿ ಇನ್ನೊಂದು ನಡೆಯಿತು. ಶುಕ್ರವಾರ ಎದುರುಮನೆಯವರು ಅರಿಸಿನ ಕುಂಕುಮ ಹಂಚುತ್ತ ಬಂದವರು ನಮ್ಮ ಬಾಗಿಲಲ್ಲಿ ನನಗೆ ತಾಂಬೂಲ ಕೊಟ್ಟು, ಹಿಂದೆ ನಿಂತಿದ್ದ ಅವ್ವನನ್ನು ನೋಡಿಯೂ ನೋಡದಂತೆ ಮುಂದೆ ಹೋದರು. ಮೂವತ್ತು ವರ್ಷ ಇವಳ ಕೈಯಿಂದ ಹೂವು ಮುಡಿದವರು. ಅವ್ವನಿಗೆ ಮುಖ ಕಾಣಲಿಲ್ಲ, ಬಳೆಯ ಸದ್ದು ಬಂದು ದಾಟಿ ಹೋದದ್ದು ಕೇಳಿಸಿತು.

ಅಂದು ರಾತ್ರಿ ಅವಳು ಕೇಳಿದ ಮಾತು ಇದು: "ಆ ಪುಸ್ತಕದ ಹೆಂಗಸರಿಗೆ ಒಂದು ದಿನವಾದರೂ ದೇವರ ಮೇಲೆ ಸಿಟ್ಟು ಬರಲಿಲ್ಲವೇನೇ?"

ನನ್ನಲ್ಲಿ ಉತ್ತರ ಇರಲಿಲ್ಲ. ಅವ್ವ ದೇವರನ್ನು ಬಿಟ್ಟಿಲ್ಲ. ಈಗಲೂ ಬೆರಳ ತುದಿಗೆ ಹಾಲು ಮುಟ್ಟಿಸಿಕೊಂಡು, ಹತ್ತಿ ಎಳೆದು, ಕಣ್ಣಿನ ಹಂಗಿಲ್ಲದೆ ಹೂಬತ್ತಿ ಹೊಸೆಯುತ್ತಾಳೆ. ಒಂದರಂತೆ ಇನ್ನೊಂದು, ಒಂದಕ್ಕೂ ಕತ್ತು ಸೊಟ್ಟವಿಲ್ಲ. ಆದರೆ ಮೊದಲು ದೀಪ ಹಚ್ಚಿ ಹಾಡು ಗುನುಗುತ್ತ ಅಲ್ಲೇ ನಿಲ್ಲುತ್ತಿದ್ದವಳು, ಈಗ ಹಚ್ಚಿ, ಕೈ ಒರೆಸಿಕೊಂಡು, ಬೆನ್ನು ತಿರುಗಿಸಿ ಬಂದುಬಿಡುತ್ತಾಳೆ. ಮಾತು ಬಿಟ್ಟ ಗಂಡಹೆಂಡಿರು ಒಂದೇ ಮನೆಯಲ್ಲಿ ಇದ್ದ ಹಾಗೆ.

ಅವಳ ತವರು ರಾಣೆಬೆನ್ನೂರು. ಏಳನೆಯ ಇಯತ್ತೆಯವರೆಗೆ ಓದಿದ್ದಾಳೆ, ಹಳಗನ್ನಡ ಕೇಳಿದರೆ ಹೆದರುವುದಿಲ್ಲ. ಹೆಂಗಸರು ಸಹಿಸಿದ ಕಥೆ ಬೇಡ. ನಂಬಿಕೆ ಇದ್ದೂ ದೇವರ ಎದುರು ಬಾಯಿ ತೆರೆದವರ ಮಾತು ಯಾವ ಧರ್ಮದ ಪುಸ್ತಕದಲ್ಲಿದ್ದರೂ ಸರಿ, ದಯವಿಟ್ಟು ತಿಳಿಸಿ.

ನಿವೃತ್ತ ಟೀಚರ್, ಗದಗ:

ತಂಗೀ, ನಿಮ್ಮ ಅವ್ವನ ಪ್ರಶ್ನೆಯನ್ನು ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿದ ನನಗೆ ಯಾವ ಹುಡುಗಿಯೂ ಕೇಳಲಿಲ್ಲ. ಕೇಳಬೇಕಿತ್ತು.

ಮೊದಲು ಮುಕ್ತಾಯಕ್ಕನನ್ನು ಓದಿ. ನಮ್ಮ ಲಕ್ಕುಂಡಿಯವಳು, 12ನೆಯ ಶತಮಾನದವಳು. ಅಣ್ಣ ಅಜಗಣ್ಣನೇ ಅವಳಿಗೆ ಗುರು. ತನ್ನ ಭಕ್ತಿಯನ್ನು ಯಾರಿಗೂ ತೋರಿಸದೆ ಒಳಗೇ ಇಟ್ಟುಕೊಂಡಿದ್ದವನು. ಅವನು ಸತ್ತ. ಶರಣರ ಸಂವಾದಗಳ ಗ್ರಂಥವಾದ ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಅವಳನ್ನು ಕಾಣುವುದು ಆ ದುಃಖದ ನಡುವೆ. ಅಂಗೈಯಲ್ಲಿ ತಲೆ ಹಿಡಿದು ಕೂತವಳನ್ನು ಅವರು ಕೇಳುತ್ತಾರೆ: "ಕಂಗಳ ಮುತ್ತ ಪವಣಿಸುವಾಕೆ ನೀನಾರು ಹೇಳಾ." ಕಣ್ಣಿನಿಂದ ಉದುರುವ ಮುತ್ತುಗಳನ್ನು ಪೋಣಿಸುತ್ತ ಕೂತವಳೇ, ನೀನು ಯಾರು? ಅಳಬೇಡ ಎನ್ನುವುದಿಲ್ಲ, ಕರ್ಮದ ಫಲ ಎನ್ನುವುದೂ ಇಲ್ಲ. ನೀನು ಯಾರು ಎಂದು ವಿಚಾರಿಸುತ್ತಾರೆ. ಸಮಾಧಾನ ಹೇಳಲು ಹೋಗುವವರೆಲ್ಲ ಕಲಿಯಬೇಕಾದ ಮೊದಲ ಮಾತು ಇದು ಎಂದು ನನಗೆ ಅನಿಸುತ್ತದೆ.

ಅವಳು ಕೂಡಲೇ ಕಣ್ಣೀರು ಒರೆಸಿಕೊಂಡು ಕಾಲಿಗೆ ಬೀಳುವುದಿಲ್ಲ. ಮಾತಿಗೆ ಮಾತು ಕೊಡುತ್ತಾಳೆ. ಅಷ್ಟು ದೊಡ್ಡ ಅಲ್ಲಮರಿಗೇ, ನಿಮಗಿನ್ನೂ ನುಡಿಯ ಹಂಗು ಹೋಗಿಲ್ಲ, ನೀವು ನನಗೇನು ಹೇಳುತ್ತೀರಿ ಎಂಬ ಅರ್ಥದಲ್ಲಿ ಎದುರಾಡುತ್ತಾಳೆ. ಅಲ್ಲಮರಿಗೆ ಅದರಿಂದ ಮುಖ ಸಣ್ಣದಾಗುವುದಿಲ್ಲ. ಮಾತು ಮುಂದುವರಿಯುತ್ತದೆ, ಮುಂದುವರಿಯುತ್ತಲೇ ಅವಳ ದುಃಖ ಬೇರೆ ಬಣ್ಣಕ್ಕೆ ತಿರುಗುತ್ತದೆ.

ಇನ್ನೊಂದು ಸಂಗತಿಯನ್ನು ಅವ್ವನಿಗೆ ತಪ್ಪದೆ ಹೇಳಿ. ಶರಣರು ವಚನದ ಕೊನೆಗೆ ತಮ್ಮ ಇಷ್ಟದೈವದ ಹೆಸರಿಡುತ್ತಾರಲ್ಲ, ಬಸವಣ್ಣನವರು ಕೂಡಲಸಂಗಮದೇವ ಎಂದು, ಅಕ್ಕ ಚೆನ್ನಮಲ್ಲಿಕಾರ್ಜುನ ಎಂದು. ಮುಕ್ತಾಯಕ್ಕ ಆ ಜಾಗದಲ್ಲಿ ಇಟ್ಟದ್ದು ಅಣ್ಣನ ಹೆಸರು. ಅಜಗಣ್ಣ ತಂದೆ. ದೇವರ ಪೀಠದಲ್ಲಿ ತೀರಿಹೋದ ಅಣ್ಣನನ್ನು ಕೂರಿಸಿದಳು, ಅದನ್ನು ತಪ್ಪೆಂದು ಶರಣರು ಅಳಿಸಲಿಲ್ಲ, ಎಂಟುನೂರು ವರ್ಷದಿಂದ ಹಾಗೆಯೇ ಬಂದಿದೆ.

ಅದೇ ಲಕ್ಕುಂಡಿಯಲ್ಲಿ ಅವಳಿಗಿಂತ ಮೊದಲು ಅತ್ತಿಮಬ್ಬೆ ಇದ್ದಳು. ಜೈನ ಮನೆತನ. ಗಂಡ ನಾಗದೇವ ಯುದ್ಧದಲ್ಲಿ ಸತ್ತ. ಅವಳ ತಂಗಿ ಗುಂಡಮಬ್ಬೆಯೂ ಅವನ ಹೆಂಡತಿಯೇ. ತಂಗಿ ಗಂಡನ ಜೊತೆ ಹೋದಳು. ಅತ್ತಿಮಬ್ಬೆ ಮಗನನ್ನು ಹಿಡಿದುಕೊಂಡು ಉಳಿದಳು. ಆ ಕಾಲಕ್ಕೆ ಉಳಿಯುವುದು ಎಷ್ಟು ಕಷ್ಟವಿತ್ತೋ! ಉಳಿದವಳು ಮೂಲೆ ಹಿಡಿಯಲಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ರನ್ನನಿಗೆ ಆಶ್ರಯ ಕೊಟ್ಟಳು, ಅವನ ಅಜಿತಪುರಾಣ 993ರದ್ದು. 1007ರಲ್ಲಿ ಲಕ್ಕುಂಡಿಯ ಬಸದಿ ಕಟ್ಟಿಸಿದಳು, ಇಂದಿಗೂ ನಿಂತಿದೆ. ಸಾವಿರ ಪ್ರತಿ ಎಂದರೆ ಏನೆಂದು ಮಕ್ಕಳಿಗೆ ತೋರಿಸಲು ನಾನು ಒಮ್ಮೆ ತರಗತಿಗೆ ಒಂದು ಓಲೆಗರಿ ತಂದಿದ್ದೆ. ಕಂಟ ಎಂಬ ಲೋಹದ ಲೇಖನಿಯ ಮೊನೆಯಿಂದ ಒಂದೊಂದೇ ಅಕ್ಷರ ಕೊರೆಯಬೇಕು, ಗರಿ ಹರಿಯದ ಹಾಗೆ. ಕೊರೆದದ್ದು ಕಾಣುವುದಿಲ್ಲ, ಕಾಡಿಗೆ ಸವರಿ ಒರೆಸಿದ ಮೇಲೆಯೇ ಅಕ್ಷರ ಏಳುವುದು. ಒಂದು ಸಾಲು ಬರೆಯುವಷ್ಟರಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳ ಹೆಬ್ಬೆರಳು ಕೆಂಪಾಗಿತ್ತು. ಅತ್ತಿಮಬ್ಬೆಗೆ ದೇವರ ಮೇಲೆ ಸಿಟ್ಟಿತ್ತೇ ಇಲ್ಲವೇ, ಅವಳ ಸ್ವಂತ ಮಾತು ನಮ್ಮ ಕೈಗೆ ಬಂದಿಲ್ಲ. ಆದರೆ ತಂಗಿಯ ಚಿತೆಯನ್ನು ಕಂಡವಳು ಮುಂದೆ ಬಾಳಿದ ರೀತಿ ಅದೇ ಒಂದು ಮಾತು.

ಅಕ್ಕಮಹಾದೇವಿಯನ್ನು ಓದುವಿರಾದರೆ ಈ ವಚನ ಆರಿಸಿಕೊಳ್ಳಿ:

"ಮನೆಮನೆದಪ್ಪದೆ ಕೈಯೊಡ್ಡಿ ಬೇಡುವಂತೆ ಮಾಡಯ್ಯಾ. ಬೇಡಿದಡೆ ಇಕ್ಕದಂತೆ ಮಾಡಯ್ಯಾ. ಇಕ್ಕಿದಡೆ ನೆಲಕ್ಕೆ ಬೀಳುವಂತೆ ಮಾಡಯ್ಯಾ. ನೆಲಕ್ಕೆ ಬಿದ್ದಡೆ ನಾನೆತ್ತಿಕೊಂಬುದಕ್ಕೆ ಮುನ್ನವೆ ಸುನಿ ಎತ್ತಿಕೊಂಬಂತೆ ಮಾಡಾ ಚೆನ್ನಮಲ್ಲಿಕಾರ್ಜುನಯ್ಯಾ."

ಸುನಿ ಎಂದರೆ ನಾಯಿ. ಶಾಲೆಯಲ್ಲಿ ಇದನ್ನು ಅಹಂಕಾರ ಕಳೆಯುವ ಪ್ರಾರ್ಥನೆ ಎಂದು ಕಲಿಸುತ್ತಿದ್ದೆ, ಆ ಅರ್ಥ ಸುಳ್ಳಲ್ಲ. ಆದರೆ ನನ್ನ ಮಗ ತೀರಿಕೊಂಡ ವರ್ಷ ಇದನ್ನು ಓದಿದಾಗ ಬೇರೆ ದನಿ ಕೇಳಿಸಿತು. ಇನ್ನೇನು ಮಾಡುತ್ತೀಯೋ ಮಾಡು, ನಾನು ಇಲ್ಲೇ ನಿಂತಿದ್ದೇನೆ ಎಂದು ದೇವರಿಗೆ ಸವಾಲು ಹಾಕಿದ ದನಿ. ಅವನನ್ನು ಬಿಟ್ಟು ಹೋಗುವವರು ಹೀಗೆ ಮಾತನಾಡುವುದಿಲ್ಲ.

"ಸಾವಿಲ್ಲದ ಕೇಡಿಲ್ಲದ ರೂಹಿಲ್ಲದ ಚೆಲುವಂಗೆ" ಎಂದು ಶುರುವಾಗುವ ವಚನವನ್ನು ಮಾತ್ರ ಸದ್ಯಕ್ಕೆ ಓದಬೇಡಿ. ಸಾಯುವ ಗಂಡಂದಿರನ್ನು ಒಲೆಗೆ ಹಾಕು ಎಂಬ ಮಾತು ಅದರಲ್ಲಿದೆ. ಒಗೆಯದ ಅಂಗಿ ಇರುವ ಮನೆಗೆ ಅದು ಬೇಡ.

ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳು ಹದಿನೈದು. ಐದನೆಯದು ಪೂರ್ತಿ ಶಿವಶರಣೆಯರದ್ದು. ನಿಮ್ಮ ಊರಿನ ಗ್ರಂಥಾಲಯದಲ್ಲಿ ಕೇಳಿ ನೋಡಿ.

ಮೈಸೂರಿನ ಅಜ್ಜ:

ಸಾವಿತ್ರಿಯ ಪರವಾಗಿ ನನ್ನದೊಂದು ಮಾತು. ನಿಮ್ಮ ತಾಯಿಯವರು ಪುಸ್ತಕ ಮುಚ್ಚಿಸಿದ್ದು ಸರಿಯೇ. ಆದರೆ ನಿಮ್ಮ ಕೈಗೆ ಬಂದ ಪುಸ್ತಕ ಅವಳ ಕಥೆಯನ್ನು ಅರ್ಧ ಮಾತ್ರ ಹೇಳಿರಬೇಕು. ಮಹಾಭಾರತದ ವನಪರ್ವದಲ್ಲಿ ಮಾರ್ಕಂಡೇಯ ಋಷಿ ಧರ್ಮರಾಯನಿಗೆ ಹೇಳುವ ಸಾವಿತ್ರಿ ತಾಳ್ಮೆಯ ಗೊಂಬೆಯಲ್ಲ. ವರನನ್ನು ತಾನೇ ಹುಡುಕಿಕೊಂಡು ಬಂದವಳು. ಒಂದು ವರ್ಷಕ್ಕೆ ಸಾಯುತ್ತಾನೆಂದು ನಾರದರು ಹೇಳಿದರೂ ಮನಸ್ಸು ಬದಲಿಸದವಳು. ಯಮ ಹಿಂದಿರುಗು ಎಂದಷ್ಟೂ ಅವನ ಹಿಂದೆ ನಡೆದು, ನಡೆಯುತ್ತಲೇ ಧರ್ಮದ ವಿಷಯವಾಗಿ ಮಾತನಾಡಿ, ಅವನ ಬಾಯಿಂದಲೇ ಒಂದೊಂದು ವರ ಹೊರಡಿಸಿದಳು. ಸಾವಿನ ಎದುರು ಅಷ್ಟು ಹೊತ್ತು ನಿಲ್ಲದೆ ಮಾತನಾಡಿದವರು ನಮ್ಮ ಪುರಾಣಗಳಲ್ಲಿ ಎಷ್ಟು ಮಂದಿ ಇದ್ದಾರೆ?

ಇನ್ನೊಂದನ್ನು ಗಮನಿಸಿ. ಮೊದಲನೆಯ ವರದಲ್ಲಿ ಅವಳು ಗಂಡನ ಪ್ರಾಣ ಕೇಳಲಿಲ್ಲ. ಕುರುಡನಾಗಿದ್ದ ಮುದುಕ ಮಾವನಿಗೆ ಕಣ್ಣು ಬರಲಿ ಎಂದು ಕೇಳಿದಳು. ನಿಮ್ಮ ತಾಯಿಯವರ ಕಣ್ಣಿನ ವಿಷಯ ಓದಿದಾಗಿನಿಂದ ಅದೇ ನೆನಪಾಗುತ್ತಿದೆ. ಗಂಡ ಎದ್ದು ಬರುವ ಪುಟವನ್ನು ಬಿಟ್ಟುಬಿಡಿ. ಯಮನ ಹಿಂದೆ ನಡೆಯುವ ದಾರಿಯನ್ನಷ್ಟೇ ಓದಿ ಹೇಳಬಹುದೇ ಎಂದು ಕೇಳಿ ನೋಡಿ. ಬೇಡವೆಂದರೆ ಬೇಡ.

ನರ್ಸ್, ಮಂಗಳೂರು:

ಅಕ್ಕ, ನಾನು ರಾತ್ರಿ ಪಾಳಿ ಮುಗಿಸಿ ಬಂದು ಬರೆಯುತ್ತಿದ್ದೇನೆ. ನಮ್ಮ ಬೈಬಲ್ಲಿನಲ್ಲಿ ನಿಮ್ಮ ಅಮ್ಮನಿಗೆ ಸರಿಯಾಗಿ ಹೊಂದುವ ಇಬ್ಬರು ಇದ್ದಾರೆ.

ರೂತಳು ಎಂಬ ಪುಸ್ತಕ ನಾಲ್ಕೇ ಅಧ್ಯಾಯ, ಒಂದು ಸಂಜೆಗೆ ಓದಿ ಮುಗಿಸಬಹುದು. ಹೆಸರು ಸೊಸೆಯದ್ದು, ಆದರೆ ನಾನು ಹೇಳುತ್ತಿರುವುದು ಅತ್ತೆ ನೊವೊಮಿಯ ವಿಷಯ. ಬರಗಾಲ ಬಂದು ಬೇತ್ಲೆಹೇಮಿನಿಂದ ಮೋವಾಬಿಗೆ ಹೋದ ಸಂಸಾರ. ಅಲ್ಲಿ ಗಂಡ ಸತ್ತ, ಇಬ್ಬರು ಗಂಡುಮಕ್ಕಳೂ ಸತ್ತರು. ಅವಳು ಹಿಂದಿರುಗಿ ಬಂದಾಗ ಊರಿನ ಹೆಂಗಸರೆಲ್ಲ ಕೂಡಿ, ಇವಳು ನಮ್ಮ ನೊವೊಮಿಯೇ ಎಂದು ಕೇಳುತ್ತಾರೆ. ಆ ಹೆಸರಿಗೆ ಸಂತೋಷ ತರುವವಳು ಎಂಬ ಅರ್ಥವಿದೆ. ಅವಳು ಹೇಳುತ್ತಾಳೆ: ನನ್ನನ್ನು ನೊವೊಮಿ ಎನ್ನಬೇಡಿ, ಮಾರಾ ಎನ್ನಿ. ಮಾರಾ ಎಂದರೆ ಕಹಿ. ತುಂಬಿದವಳಾಗಿ ಹೋದೆ, ದೇವರು ಬರಿಗೈಯಲ್ಲಿ ಕರೆತಂದಿದ್ದಾನೆ. ಬೀದಿಯಲ್ಲಿ ನಿಂತು ಎಲ್ಲರ ಎದುರು ದೇವರ ಹೆಸರು ಹಿಡಿದೇ ಹೇಳಿದ ಮಾತು. ಅದಕ್ಕೆ ಆಕಾಶದಿಂದ ಗುಡುಗು ಬರುವುದಿಲ್ಲ, ಯಾರೂ ಅವಳನ್ನು ಗದರಿಸುವುದಿಲ್ಲ. ಮುಂದಿನ ವಾಕ್ಯದಲ್ಲಿ ಜವೆಗೋದಿಯ ಸುಗ್ಗಿ ಶುರುವಾಗುತ್ತದೆ, ಸೊಸೆ ಹೊಲಕ್ಕೆ ಹಕ್ಕಲು ಆಯಲು ಹೋಗುತ್ತಾಳೆ. ದುಃಖದ ಮನೆಗೆ ಮೊದಲು ಬಂದದ್ದು ಉಪದೇಶವಲ್ಲ, ಒಂದು ಮಡಿಲು ಧಾನ್ಯ.

ಎರಡನೆಯವಳು ಹನ್ನ. ಸಮುವೇಲನ ಮೊದಲನೆಯ ಪುಸ್ತಕದ ಮೊದಲ ಅಧ್ಯಾಯ. ಮಕ್ಕಳಿಲ್ಲದವಳು. ಗುಡಿಗೆ ಹೋಗಿ ಅಳುತ್ತ ಪ್ರಾರ್ಥಿಸುತ್ತಾಳೆ. ತುಟಿ ಅಲುಗುತ್ತದೆ, ದನಿ ಹೊರಡುವುದಿಲ್ಲ. ಅಲ್ಲಿ ಕೂತಿದ್ದ ಯಾಜಕ ಏಲಿ ನೋಡಿ, ಇವಳು ಕುಡಿದು ಬಂದಿದ್ದಾಳೆ ಎಂದುಕೊಂಡು ಬೈಯುತ್ತಾನೆ. ಅವಳು ತಲೆ ತಗ್ಗಿಸಿ ಹೋಗುವುದಿಲ್ಲ. ಇಲ್ಲ ಸ್ವಾಮಿ, ನಾನು ಕುಡಿದಿಲ್ಲ, ನೊಂದಿದ್ದೇನೆ, ಮನಸ್ಸಿನಲ್ಲಿದ್ದದ್ದನ್ನೆಲ್ಲ ದೇವರ ಮುಂದೆ ಹೊಯ್ಯುತ್ತಿದ್ದೇನೆ, ನನ್ನನ್ನು ಕೆಟ್ಟವಳೆಂದು ಎಣಿಸಬೇಡಿ ಎನ್ನುತ್ತಾಳೆ. ಆಗ ಮಾತು ತಿದ್ದಿಕೊಂಡವನು ಏಲಿ.

ತೀವ್ರ ನಿಗಾ ಘಟಕದ ಹೊರಗಿನ ಬೆಂಚಿನ ಮೇಲೆ ಆ ತುಟಿಗಳನ್ನು ನಾನು ದಿನಾ ನೋಡುತ್ತೇನೆ. ಬುರ್ಖಾ ಹಾಕಿದವರು, ಜಪಮಾಲೆ ಹಿಡಿದವರು, ತಾಳಿಯನ್ನು ಕಣ್ಣಿಗೆ ಒತ್ತಿಕೊಂಡವರು. ಎಲ್ಲರ ತುಟಿಯೂ ಒಂದೇ ತರಹ ಅಲುಗುತ್ತದೆ. ಮೊದಮೊದಲು ಹೋಗಿ, ಹೆದರಬೇಡಿ ಎನ್ನುತ್ತಿದ್ದೆ. ಈಗ ಒಂದು ಲೋಟ ನೀರು ಕೊಟ್ಟು ಪಕ್ಕದಲ್ಲಿ ಎರಡು ನಿಮಿಷ ಕೂರುತ್ತೇನೆ.

ಬ್ಯಾಡಗಿಯವಳು:

ಎಲ್ಲರಿಗೂ ಕೈ ಮುಗಿಯುತ್ತೇನೆ. ಇಷ್ಟು ಬರೆಯುತ್ತೀರಿ ಎಂದು ಅಂದುಕೊಂಡಿರಲಿಲ್ಲ.

ನಿನ್ನೆ ರೂತಳ ಮೊದಲ ಅಧ್ಯಾಯ ಓದಿದೆ. ಅವ್ವ ಹತ್ತಿ ಬಿಡಿಸುತ್ತ ಕೇಳುತ್ತಿದ್ದಳು. "ಮಾರಾ ಎನ್ನಿ" ಎಂಬಲ್ಲಿಗೆ ಬಂದಾಗ ಕೈ ನಿಂತಿತು. "ಇನ್ನೊಮ್ಮೆ ಓದು" ಎಂದಳು. ಓದಿದೆ. "ಹಾಗಂದಳೇ? ಬೀದಿಯಲ್ಲೇ?" ಎಂದಳು. ಹೌದು ಎಂದೆ. ಸ್ವಲ್ಪ ಹೊತ್ತಿನ ಮೇಲೆ, "ಹೆಸರು ಬದಲಿಸುವಷ್ಟು ಆಗಿತ್ತು ಅವಳಿಗೆ, ಪಾಪ" ಎಂದಳು. ತನ್ನ ವಿಷಯ ಬಿಟ್ಟು ಇನ್ನೊಬ್ಬ ಹೆಂಗಸಿಗೆ ಪಾಪ ಎಂದದ್ದು ಆಷಾಢದ ನಂತರ ಇದೇ ಮೊದಲು.

ಅಜ್ಜಾ, ನಿಮ್ಮ ಮಾತನ್ನು ಹೇಳಿದೆ. "ಸಾವಿತ್ರಿ ಇನ್ನೂ ಸ್ವಲ್ಪ ದಿನ ಕಾಯಲಿ" ಎಂದಳು. ಮಾವನ ಕಣ್ಣಿನ ಸಂಗತಿ ಮಾತ್ರ ಎರಡು ಸಲ ಕೇಳಿದಳು.

ಹುಬ್ಬಳ್ಳಿಯ ಮಗಳು:

ನಿಮ್ಮ ಅವ್ವನ ಬಗ್ಗೆ ಓದಿ ನಮ್ಮ ಅಮ್ಮಿ ನೆನಪಾದರು. ನಾನು ಹೇಳುವುದು ಪುಸ್ತಕದಿಂದ ಕಾಲಿಗೆ ಇಳಿದ ಒಂದು ಕಥೆ.

ಇಬ್ರಾಹೀಮರು ಹಾಜಿರಾ ಬೀಬಿಯವರನ್ನೂ ಹಸುಗೂಸು ಇಸ್ಮಾಯೀಲರನ್ನೂ ನೀರಿಲ್ಲದ ಬೋಳು ಕಣಿವೆಯಲ್ಲಿ ಬಿಟ್ಟು ತಿರುಗಿ ಹೊರಟರು. ಹಾಜಿರಾ ಹಿಂದೆ ಹೋಗಿ ಕೇಳಿದರು, ಮತ್ತೆ ಮತ್ತೆ ಕೇಳಿದರು, ನಮ್ಮನ್ನು ಇಲ್ಲಿ ಬಿಟ್ಟು ಎಲ್ಲಿಗೆ ಹೊರಟಿದ್ದೀರಿ ಎಂದು. ಅಲ್ಲಾಹನ ಆಜ್ಞೆಯೇ ಎಂದು ಕೇಳಿದಾಗ ಹೌದು ಎಂಬ ಉತ್ತರ ಬಂತು. ಹಾಗಾದರೆ ಅವನು ನಮ್ಮ ಕೈಬಿಡುವುದಿಲ್ಲ ಎಂದರು. ಅಷ್ಟು ನಂಬಿಕೆ ಇದ್ದವರು ನಂಬಿಕೊಂಡು ಸುಮ್ಮನೆ ಕೂರಲಿಲ್ಲ. ಮಗು ಬಾಯಾರಿ ಒದ್ದಾಡಿದಾಗ ಸಫಾ ಗುಡ್ಡ ಹತ್ತಿ ನೋಡಿದರು, ಓಡಿ ಮರ್ವಾ ಹತ್ತಿ ನೋಡಿದರು. ಏಳು ಸಲ. ಆಮೇಲೆ ಝಮ್‌ಝಮ್ ಬುಗ್ಗೆ ಚಿಮ್ಮಿತು.

ಅಬ್ಬಾ ತೀರಿಕೊಂಡ ಎರಡು ವರ್ಷಕ್ಕೆ ಅಮ್ಮಿಯನ್ನು ಮಕ್ಕಾಗೆ ಉಮ್ರಾ ಯಾತ್ರೆಗೆ ಕರೆದುಕೊಂಡು ಹೋಗಿದ್ದೆವು. ಹಾಜಿರಾ ಓಡಿದ ನೆನಪಿಗೆ ಯಾತ್ರಿಕರೂ ಆ ಗುಡ್ಡಗಳ ನಡುವೆ ಏಳು ಸಲ ನಡೆಯುತ್ತಾರೆ. ಒಂದು ಸಲಕ್ಕೆ ಸುಮಾರು 450 ಮೀಟರ್, ಏಳು ಸಲಕ್ಕೆ ಮೂರು ಕಿಲೋಮೀಟರಿಗೂ ಹೆಚ್ಚು. ಮಂಡಿ ನೋವಿದ್ದರೂ ಅಮ್ಮಿ ಗಾಲಿಕುರ್ಚಿ ಬೇಡವೆಂದರು. ನಡುವೆ ಹಸಿರು ದೀಪ ಹಾಕಿದ ಒಂದು ಜಾಗವಿದೆ, ಅಲ್ಲಿ ಗಂಡಸರು ಓಡುತ್ತಾರೆ, ಹೆಂಗಸರು ನಡೆದರೆ ಸಾಕು. ಅಮ್ಮಿ ಅಲ್ಲಿ ನನ್ನ ಕೈ ಹಿಡಿದು, "ನೋಡು, ಒಬ್ಬ ತಾಯಿ ಓಡಿದ ಜಾಗದಲ್ಲಿ ಎಷ್ಟು ಗಂಡಸರು ಓಡುತ್ತಿದ್ದಾರೆ" ಎಂದರು. ಅಂದು ರಾತ್ರಿ ಅವರು ಅಬ್ಬಾ ಹೋದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡರು.

ನಿವೃತ್ತ ಟೀಚರ್, ಗದಗ:

ತಂಗೀ, ಮೊನ್ನೆ ಒಂದು ಮಾತು ಬಿಟ್ಟುಹೋಯಿತು. ತವರು ರಾಣೆಬೆನ್ನೂರು ಎಂದಿದ್ದೀರಿ. ಹೆಳವನಕಟ್ಟೆ ಗಿರಿಯಮ್ಮ ನಿಮ್ಮ ಅವ್ವನ ಊರಿನವಳೇ ಅಲ್ಲವೇ? 18ನೆಯ ಶತಮಾನದ ಹರಿದಾಸಿ. ಸಂಸಾರ ತನ್ನ ದಾರಿಯಲ್ಲವೆಂದು ಕಂಡುಕೊಂಡು, ಹೆಳವನಕಟ್ಟೆಯ ರಂಗನ ಹೆಸರಿನಲ್ಲಿ ಹಾಡು ಕಟ್ಟಿದವಳು. ಹೆಂಗಸರು ಕೂಡಿದಲ್ಲಿ ಹಾಡಲೆಂದೇ ಕಟ್ಟಿದ ಕಥನಗಳು ಅವು. ಚಂದ್ರಹಾಸನ ಕಥೆ, ಸೀತಾ ಕಲ್ಯಾಣ, ಉದ್ದಾಳಿಕನ ಕಥೆ. ಕೊನೆಯದರಲ್ಲಿ ಗಂಡ ಹೇಳಿದ್ದಕ್ಕೆಲ್ಲ ತಿರುಗಿಯೇ ನಡೆಯುವ ಚಂಡಿ ಬರುತ್ತಾಳೆ. ನೀವು ಓದಿ ಹೇಳುವ ಮೊದಲು, ಅವ್ವನಿಗೆ ಬರುತ್ತದೆಯೇ ಎಂದು ಕೇಳಿ. ಆ ಕಡೆಯ ಎಷ್ಟೋ ಮನೆಗಳಲ್ಲಿ ಅದು ಪುಸ್ತಕಕ್ಕಿಂತ ಮೊದಲು ಬಾಯಲ್ಲಿ ಇತ್ತು.

ಬ್ಯಾಡಗಿಯವಳು:

ತಡವಾಗಿ ಬರೆಯುತ್ತಿದ್ದೇನೆ, ಮೂರು ವಾರವಾಯಿತು.

ಮುಕ್ತಾಯಕ್ಕನ ವಚನಗಳನ್ನು ದಿನಕ್ಕೆ ಒಂದರಂತೆ ಓದುತ್ತಿದ್ದೇವೆ. ಕೆಲವು ನನಗೇ ಅರ್ಥವಾಗುವುದಿಲ್ಲ. ಅವ್ವ "ಅರ್ಥ ಇರಲಿ, ಆ ಹೆಸರು ಬರುವಲ್ಲಿ ನಿಧಾನವಾಗಿ ಓದು" ಎನ್ನುತ್ತಾಳೆ. ಅಜಗಣ್ಣ ತಂದೆ ಎಂಬಲ್ಲಿ. ಅಕ್ಕನ ಭಿಕ್ಷೆಯ ವಚನ ಕೇಳಿದ ದಿನ ಬಹಳ ಹೊತ್ತು ಸುಮ್ಮನಿದ್ದು, "ನಾಯಿ ಎತ್ತಿಕೊಂಡು ಹೋಗಲಿ ಎಂದಳೇ" ಎಂದು ತನ್ನಷ್ಟಕ್ಕೆ ತಾನೇ ಹೇಳಿಕೊಂಡಳು. ಮರುದಿನ ಬಾಯಿಪಾಠ ಮಾಡಿಸಿಕೊಂಡಳು.

ಕಳೆದ ಗುರುವಾರ ಸಂಜೆ ನಾನು ಕಚೇರಿಯಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಒಳಗೆ ದೀಪ ಹಚ್ಚಿತ್ತು. ಅವ್ವ ಬೆನ್ನು ತಿರುಗಿಸಿ ಬಂದಿರಲಿಲ್ಲ, ಅಲ್ಲೇ ನಿಂತಿದ್ದಳು. ಹಾಡುತ್ತಿದ್ದಾಳೆ ಎಂದುಕೊಂಡೆ. ಹಾಡಲ್ಲ, ಮಾತು. ಅಂಗಡಿಯವನ ಜೊತೆ ಬಾಕಿ ಲೆಕ್ಕ ಕೇಳುವಾಗ ಮಾತನಾಡುವ ಹಾಗೆ, ಗಟ್ಟಿಯಾಗಿ: "ಅವರನ್ನು ಕರೆದುಕೊಂಡೆ, ಆಯಿತು. ಕಣ್ಣನ್ನಾದರೂ ಬಿಡಬಹುದಿತ್ತಲ್ಲ. ಅವರ ಅಕ್ಷರವನ್ನಾದರೂ ನೋಡಿಕೊಂಡು ಇರುತ್ತಿದ್ದೆನಲ್ಲ." ಅಪ್ಪನ ಲೆಕ್ಕದ ಪುಸ್ತಕಗಳು ಅಟ್ಟದ ಮೇಲಿವೆ. ಅಕ್ಷರ ಮುತ್ತಿನ ಹಾಗೆ ಇತ್ತು. ಅವ್ವನಿಗೆ ಅವುಗಳ ಆಸೆ ಇದೆ ಎಂದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ನಾನು ಒಳಗೆ ಹೋಗಲಿಲ್ಲ. ಕತ್ತಲಾಗುವವರೆಗೆ ಕಟ್ಟೆಯ ಮೇಲೆ ಕೂತೆ.

ಮರುದಿನ ಒಂದು ಲೆಕ್ಕದ ಪುಸ್ತಕ ಇಳಿಸಿ, ಧೂಳು ಝಾಡಿಸಿ ಅವಳ ಕೈಗೆ ಕೊಟ್ಟೆ. ಪುಟ ಬಿಡಿಸಿ ಬೆರಳಾಡಿಸಿದಳು. ಅಪ್ಪ ಪೆನ್ನು ಒತ್ತಿ ಬರೆಯುತ್ತಿದ್ದವರು, ಹಾಳೆಯ ಹಿಂಬದಿಗೆ ಅಕ್ಷರದ ಉಬ್ಬು ಸಿಗುತ್ತದೆ. ಈಗ ಅದು ಅವಳ ಹಾಸಿಗೆಯ ಪಕ್ಕದಲ್ಲಿದೆ, ಹತ್ತಿಯ ಡಬ್ಬಿಯ ಜೊತೆ. ಒಳಗಿರುವುದೆಲ್ಲ ಮೂಟೆ, ತೂಕ, ದರ. ಕೆಲವು ರಾತ್ರಿ ಅದರಿಂದಲೂ ಒಂದು ಪುಟ ಓದಿಸಿಕೊಳ್ಳುತ್ತಾಳೆ.

ಟೀಚರ್, ಗಿರಿಯಮ್ಮನ ಹೆಸರು ಎತ್ತಿದ್ದೇ ತಡ, "ಉದ್ದಾಳಿಕನ ಹಾಡೇ? ನಮ್ಮವ್ವ ಶಾವಿಗೆ ಹೊಸೆಯುವಾಗ ಹಾಡುತ್ತಿದ್ದಳು" ಎಂದು ಶುರು ಮಾಡಿಬಿಟ್ಟಳು. ಅರ್ಧಕ್ಕೆ ನಿಂತಿತು. ರಾಣೆಬೆನ್ನೂರಿನಲ್ಲಿರುವ ಚಿಕ್ಕಮ್ಮನಿಗೆ ಫೋನ್ ಹಚ್ಚಿಸಿದಳು. ಅಲ್ಲಿಂದ ಚಿಕ್ಕಮ್ಮ ಒಂದು ಸಾಲು, ಇಲ್ಲಿಂದ ಅವ್ವ ಒಂದು ಸಾಲು. ಚಂಡಿ ಗಂಡನಿಗೆ ಎದುರಾಡುವ ಕಡೆ ಇಬ್ಬರೂ ನಕ್ಕು ನಕ್ಕು ಮುಂದಿನದು ಮರೆತರು. ಚಂಡಿಗೆ ಶಾಪ ತಟ್ಟುವ ಜಾಗದಿಂದ ಮುಂದೆ ಇಬ್ಬರಿಗೂ ನೆನಪಾಗುತ್ತಿಲ್ಲ.

ಹಾವೇರಿ, ದಾವಣಗೆರೆ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಆ ಹಾಡು ಪೂರ್ತಿ ಇದೆಯೇ ಎಂದು ಕೇಳಿ ನೋಡುತ್ತೀರಾ? ಮೊಬೈಲಿನಲ್ಲಿ ಹಾಡಿಸಿ ಕಳಿಸಿದರೆ ಸಾಕು. ಅಚ್ಚಾದ ಪುಸ್ತಕ ತರಿಸಿಕೊಡುತ್ತೇನೆ ಎಂದೆ. ಅವ್ವನಿಗೆ ಅದು ಬೇಡವಂತೆ, ಅವಳ ಅವ್ವ ಹಾಡುತ್ತಿದ್ದ ಮಟ್ಟಿನಲ್ಲೇ ಬೇಕಂತೆ.